ಚೀನೀ ಅಕ್ಷರ: ಚಿತ್ರ ಕಡಿಮೆ, ಸದ್ದು ಹೆಚ್ಚು

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ಹೆಸರು ಚೀನೀ ಲಿಪಿಯಲ್ಲೂ ಉಂಟು. ಏಳನೆಯ ಶತಮಾನದಲ್ಲಿ ಭಾರತ ಸುತ್ತಿದ ಹ್ಯೂಯೆನ್ ತ್ಸಾಂಗ್, ತವರಿಗೆ ಮರಳಿದ ಮೇಲೆ 646ರಲ್ಲಿ ಮುಗಿಸಿದ ಪ್ರವಾಸ ಗ್ರಂಥದಲ್ಲಿ ದಖ್ಖನಿನ ಈ ದೊರೆಯನ್ನು ನಾಲ್ಕು ಅಕ್ಷರಗಳಲ್ಲಿ ಹೆಸರಿಸಿದ್ದಾನೆ. ಆ ನಾಲ್ಕನ್ನೂ ನಿಘಂಟಿನಲ್ಲಿ ಒಂದೊಂದಾಗಿ ಹುಡುಕಿದರೆ ಸಿಗುವ ಅರ್ಥ ಹೀಗಿದೆ: ತೇಪೆ ಹಾಕು, ಬಲೆ, ತಪಾಸಣೆ ಮಾಡು, ತಂಗುಮನೆ. ಈ ಅರ್ಥಗಳಿಗೂ ದೊರೆಗೂ ಏನೇನೂ ಸಂಬಂಧವಿಲ್ಲ. ಹ್ಯೂಯೆನ್ ತ್ಸಾಂಗ್‌ಗೆ ಬೇಕಾಗಿದ್ದುದು ಅವುಗಳ ಸದ್ದು ಮಾತ್ರ. ಇಂದಿನ ಚೀನೀ ಪತ್ರಿಕೆಗಳು ಬೆಂಗಳೂರಿನ ಸುದ್ದಿ ಬರೆಯುವಾಗಲೂ ಅದೇ ಉಪಾಯ: ಪಾನ್-ಚ್ಯಾ-ಲುವೊ-ಅರ್ ಎಂಬ ನಾಲ್ಕು ಅಕ್ಷರ. ಎರಡನೆಯದು ಲೆಕ್ಕದಲ್ಲಿ ಬರುವ ‘ಕೂಡು’. ಓದುವವರು ಯಾರೂ ಬೆಂಗಳೂರಿಗೆ ಏನನ್ನೂ ಕೂಡಿಸಲು ಹೋಗುವುದಿಲ್ಲ.

ಚೀನೀ ಲಿಪಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆ ಇದಕ್ಕೆ ತದ್ವಿರುದ್ಧ. ಒಂದೊಂದು ಅಕ್ಷರವೂ ಒಂದೊಂದು ಚಿತ್ರ, ಚಿತ್ರ ಕಂಡರೆ ಅರ್ಥ ಹೊಳೆಯುತ್ತದೆ, ಅಂಥ ಸಾವಿರಾರು ಚಿತ್ರಗಳನ್ನು ನೆನಪಿಟ್ಟರೆ ಓದು ಬಂತು ಎಂದು. ಕಲಿಯಲು ಹೊರಟವರು ಎಡವುವುದೂ ಇಲ್ಲಿಯೇ. ಮೊದಲ ವಾರ ಮರ, ಬೆಟ್ಟ, ಸೂರ್ಯ, ಬಾಯಿ ಎಂದು ಚಿತ್ರ ತೋರಿಸಿ ಕಲಿಸುತ್ತಾರೆ, ಉತ್ಸಾಹ ಉಕ್ಕುತ್ತದೆ. ಸ್ವಲ್ಪ ದಿನಕ್ಕೆ ಯಾವ ಚಿತ್ರವನ್ನೂ ಹೋಲದ ಗೆರೆಗಳ ಗುಂಪು ಎದುರಾಗುತ್ತದೆ, ಪುಸ್ತಕ ಮೂಲೆ ಸೇರುತ್ತದೆ. ಈ ಲಿಪಿ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆಂದು ಮೊದಲೇ ಯಾರಾದರೂ ಹೇಳಿಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ.

ಈಗ ಸಿಕ್ಕಿರುವ ಅತಿ ಹಳೆಯ ಚೀನೀ ಬರಹಗಳು ಎಲುಬಿನ ಮೇಲಿವೆ. ಹೆನಾನ್ ಪ್ರಾಂತ್ಯದ ಅನ್ಯಾಂಗ್ ಬಳಿ ಷಾಂಗ್ ವಂಶದ ಕೊನೆಯ ರಾಜಧಾನಿ ಇತ್ತು. ಕ್ರಿ.ಪೂ. ಸುಮಾರು 1250ರಿಂದ ಅಲ್ಲಿನ ಅರಸರು ಮಳೆ, ಬೆಳೆ, ಯುದ್ಧ, ಬೇಟೆ, ಕೊನೆಗೆ ಹಲ್ಲುನೋವಿಗೂ ಶಕುನ ಕೇಳುತ್ತಿದ್ದರು. ಆಮೆಯ ಹೊಟ್ಟೆಯ ಕಡೆಯ ಚಿಪ್ಪು ಅಥವಾ ಎತ್ತಿನ ಹೆಗಲೆಲುಬನ್ನು ತೆಗೆದುಕೊಂಡು, ಹಿಂಬದಿಯಲ್ಲಿ ಚಿಕ್ಕ ಕುಳಿ ಕೊರೆದು ಕಾವು ಕೊಟ್ಟರೆ ಮುಂಬದಿಯಲ್ಲಿ ಬಿರುಕು ಬೀಳುತ್ತದೆ. ಬಿರುಕು ನೋಡಿ ಫಲ ಹೇಳಿ, ಕೇಳಿದ ಪ್ರಶ್ನೆಯನ್ನು ಅದರ ಪಕ್ಕದಲ್ಲಿ ಕೆತ್ತುತ್ತಿದ್ದರು. ಕೆಲವೊಮ್ಮೆ ಆಮೇಲೆ ನಿಜವಾಗಿ ಏನಾಯಿತೆಂಬುದನ್ನೂ ಸೇರಿಸುತ್ತಿದ್ದರು. ಅರಸ ವು ಡಿಂಗ್‌ನ ರಾಣಿ ಫು ಹಾವೊಳ ಹೆರಿಗೆಯ ಬಗ್ಗೆ ಕೇಳಿದ ಪ್ರಶ್ನೆಯೊಂದು ಹೀಗೆ ಉಳಿದಿದೆ. ಹುಟ್ಟಿದ್ದು ಹೆಣ್ಣು, ಫಲ ಒಳ್ಳೆಯದಾಗಲಿಲ್ಲ ಎಂಬ ಷರಾ ಕೂಡ ಅಲ್ಲೇ ಇದೆ. ಮೂರು ಸಾವಿರ ವರ್ಷ ಹಳೆಯದಾದ ಆ ಷರಾ ಓದಿ ಇವತ್ತಿಗೂ ಕಸಿವಿಸಿಯಾಗುತ್ತದೆ, ಏಕೆಂದರೆ ಅದೇ ಫು ಹಾವೊ ದಂಡು ಕಟ್ಟಿಕೊಂಡು ಯುದ್ಧಕ್ಕೆ ಹೋದವಳೆಂದು ಬೇರೆ ಎಲುಬುಗಳು ಹೇಳುತ್ತವೆ. ಆಕೆಯ ಸಮಾಧಿ 1976ರಲ್ಲಿ ಕಳ್ಳರ ಕೈ ಸೋಕದೆ ಸಿಕ್ಕಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅನ್ಯಾಂಗಿನ ರೈತರು ಹೊಲದಲ್ಲಿ ಸಿಕ್ಕ ಈ ಎಲುಬುಗಳನ್ನು ‘ಡ್ರ್ಯಾಗನ್ ಎಲುಬು’ ಎಂದು ಔಷಧಿ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಎಷ್ಟು ಇತಿಹಾಸ ಪುಡಿಯಾಗಿ ಜನರ ಹೊಟ್ಟೆ ಸೇರಿತೋ! 1899ರಲ್ಲಿ ಬೀಜಿಂಗಿನ ವಿದ್ವಾಂಸ ವಾಂಗ್ ಯಿರೊಂಗ್ ಅವುಗಳ ಮೇಲಿನ ಗೀರುಗಳು ಬರಹವೆಂದು ಗುರುತಿಸಿದ. 1928ರಲ್ಲಿ ಸರಿಯಾದ ಉತ್ಖನನ ಶುರುವಾಯಿತು. ಇದುವರೆಗೆ ಸುಮಾರು 4,500 ಬೇರೆ ಬೇರೆ ಅಕ್ಷರಗಳು ಗುರುತಿಗೆ ಬಂದಿವೆ, ಅವುಗಳಲ್ಲಿ ಅರ್ಧದಷ್ಟನ್ನೂ ಓದಲು ಆಗಿಲ್ಲ.

ಆ ಎಲುಬುಗಳ ಕಾಲಕ್ಕೇ ಚಿತ್ರ ಸಾಲದೆ ಹೋಗಿತ್ತು. ಮರವನ್ನು ಬರೆಯುವುದು ಸುಲಭ: ಒಂದು ಕಾಂಡ, ಅಡ್ಡಕ್ಕೆ ಕೊಂಬೆ, ಕೆಳಗೆ ಬೇರು. ಅದೇ ಅಕ್ಷರ ಇವತ್ತು ಅಡ್ಡಗೆರೆ, ನಿಲುಗೆರೆ, ಎಡಕ್ಕೂ ಬಲಕ್ಕೂ ಇಳಿಯುವ ಒಂದೊಂದು ಗೆರೆಯಾಗಿ ‘ಮು’ ಎಂದು ಉಳಿದಿದೆ. ಎರಡು ಮರ ಪಕ್ಕಪಕ್ಕ ನಿಂತರೆ ತೋಪು, ಮೂರಾದರೆ ಕಾಡು. ಮರದ ಬುಡಕ್ಕೆ ಚಿಕ್ಕ ಗೆರೆ ಹಾಕಿದರೆ ‘ಮೂಲ’. ಮನುಷ್ಯನನ್ನು ಮರಕ್ಕೆ ಒರಗಿಸಿದರೆ ‘ವಿಶ್ರಾಂತಿ’. ಚಿತ್ರಪ್ರಿಯರು ಎತ್ತಿ ತೋರಿಸುವ ಉದಾಹರಣೆಗಳು ಇವೇ, ಚೆಂದವಾಗಿಯೂ ಇವೆ. ಆದರೆ ‘ಬಾ’ ಎನ್ನುವುದನ್ನು ಹೇಗೆ ಬಿಡಿಸುತ್ತೀರಿ? ‘ತಾನು’ ಎನ್ನುವುದನ್ನು?

ಅಲ್ಲಿ ಸದ್ದನ್ನು ಸಾಲ ತಂದರು. ‘ಬಾ’ ಎಂಬರ್ಥದ ಮಾತಿಗೂ ಗೋದಿಯ ಒಂದು ಹೆಸರಿಗೂ ಸದ್ದು ಹೆಚ್ಚುಕಡಿಮೆ ಒಂದೇ ಇತ್ತು. ಆದ್ದರಿಂದ ಗೋದಿ ಪೈರಿನ ಚಿತ್ರವನ್ನೇ ‘ಬಾ’ ಎಂದು ಬರೆದರು. ಇಂದಿನ ‘ಲಾಯ್’ ಅದೇ. ಮೂಗಿನ ಚಿತ್ರ ‘ತಾನು’ ಆಯಿತು. (ಚೀನೀಯರು ‘ನಾನು’ ಎನ್ನುವಾಗ ಎದೆಯ ಬದಲು ಮೂಗಿನ ಕಡೆ ಬೆರಳು ತೋರುವುದನ್ನು ಈಗಲೂ ಕಾಣಬಹುದು.) ಆಮೇಲೆ ಮೂಗಿಗೇ ಅಕ್ಷರವಿಲ್ಲದಂತಾಗಿ, ಹಳೆಯ ಚಿತ್ರದ ಕೆಳಗೆ ಸದ್ದು ಸೂಚಿಸುವ ಇನ್ನೊಂದು ಭಾಗ ಸೇರಿಸಿ ಮೂಗಿಗೆ ಹೊಸ ಅಕ್ಷರ ಕಟ್ಟಬೇಕಾಯಿತು.

ಹೀಗೆ ಸಾಲ ತರುತ್ತ ಹೋದರೆ ಒಂದೇ ಅಕ್ಷರಕ್ಕೆ ಹತ್ತು ಅರ್ಥ ಅಂಟಿಕೊಂಡು ಗೊಂದಲವಾಗುತ್ತದೆ. ಅದಕ್ಕೆ ಕಂಡುಕೊಂಡ ಪರಿಹಾರವೇ ಈ ಲಿಪಿಯ ಜೀವಾಳ. ಸದ್ದು ಹೇಳುವ ಒಂದು ತುಂಡು, ವಿಷಯ ಯಾವುದೆಂದು ಸುಳಿವು ಕೊಡುವ ಇನ್ನೊಂದು ತುಂಡು, ಎರಡನ್ನೂ ಒಂದೇ ಚೌಕದೊಳಗೆ ಕೂರಿಸುವುದು. ಇಂದು ಬಳಕೆಯಲ್ಲಿರುವ ಅಕ್ಷರಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಈ ಜಾತಿಯವು.

‘ಛಿಂಗ್’ ಎಂಬ ಅಕ್ಷರವನ್ನು ತೆಗೆದುಕೊಳ್ಳೋಣ. ಒಂಟಿಯಾಗಿದ್ದಾಗ ಹಸಿರು-ನೀಲಿ ಬಣ್ಣದ ಹೆಸರು ಅದು. ಅದರ ಎಡಕ್ಕೆ ನೀರಿನ ಗುರುತಾದ ಮೂರು ಚುಕ್ಕೆ ಇಟ್ಟರೆ ‘ತಿಳಿಯಾದ’ ಎಂದರ್ಥ, ಸದ್ದು ಛಿಂಗ್. ಸೂರ್ಯನನ್ನು ಇಟ್ಟರೆ ಮೋಡವಿಲ್ಲದ ಹವೆ, ಛಿಂಗ್. ಹೃದಯವನ್ನು ಇಟ್ಟರೆ ಭಾವನೆ, ಛಿಂಗ್. ಮಾತಿನ ಗುರುತು ಇಟ್ಟರೆ ‘ದಯವಿಟ್ಟು’, ಛಿಂಗ್. ಹುಳುವಿನ ಗುರುತು ಬಂದರೆ ಏರೋಪ್ಲೇನ್ ಚಿಟ್ಟೆಯ ಹೆಸರಿನ ಮೊದಲ ಅಕ್ಷರ, ಅದೂ ಛಿಂಗ್. ಕಣ್ಣು ಬಂದರೆ ಮಾತ್ರ ಸದ್ದು ತುಸು ಜಾರಿ ‘ಚಿಂಗ್’ ಆಗುತ್ತದೆ, ಅರ್ಥ ಕಣ್ಣುಗುಡ್ಡೆ. ಇವುಗಳಲ್ಲಿ ಟೋನ್, ಅಂದರೆ ದನಿಯ ಏರಿಳಿತ, ಬೇರೆ ಬೇರೆಯಾಗಬಹುದು. ಆದರೂ ಒಂದು ತುಂಡು ಗೊತ್ತಿದ್ದವರಿಗೆ ಆರು ಅಕ್ಷರಗಳ ಅರ್ಧ ಕೆಲಸ ಮುಗಿದಂತೆ. ಚಿತ್ರವೆಂದು ನೋಡುವವನು ಇಲ್ಲಿ ಹಸಿರು ಬಣ್ಣಕ್ಕೂ ಭಾವನೆಗೂ ಏನೋ ಗೂಢ ಸಂಬಂಧ ಹುಡುಕುತ್ತಾನೆ. ಪ್ರೇರಣೆ ತುಂಬುವ ಭಾಷಣಕಾರರು ಚೀನೀ ಅಕ್ಷರ ಬಿಡಿಸಿ ಹೇಳುವ ಎಷ್ಟೋ ತತ್ವಗಳು ಇಂಥ ಹುಡುಕಾಟದ ಫಲ, ಅವನ್ನು ನಂಬಬೇಡಿ.

ಹಾಗಾದರೆ ಎಲ್ಲವೂ ಇಷ್ಟು ಸರಾಗವೇ? ಇಲ್ಲ. ಅಕ್ಷರ ಕಟ್ಟಿದವರು ತಮ್ಮ ಕಾಲದ ಉಚ್ಚಾರಕ್ಕೆ ಕಟ್ಟಿದರು. ಬರಹ ನಿಂತಿತು, ಬಾಯಿ ನಿಲ್ಲಲಿಲ್ಲ. ದೊಡ್ಡ ನದಿ ಎಂಬರ್ಥದ ‘ಚ್ಯಾಂಗ್’ ಅಕ್ಷರದಲ್ಲಿ ನೀರಿನ ಮೂರು ಚುಕ್ಕೆಯ ಪಕ್ಕ ಇರುವ ಸದ್ದಿನ ತುಂಡು ‘ಕೊಂಗ್’. ಎರಡು ಸಾವಿರ ವರ್ಷದ ಹಿಂದೆ ಅವೆರಡೂ ಹತ್ತಿರದ ಸದ್ದುಗಳು, ಇಂದು ದೂರ ಸರಿದಿವೆ. ಪುಲಕೇಶಿಯ ಹೆಸರಿನಲ್ಲೂ ಇದೇ ಕಥೆ. ಹ್ಯೂಯೆನ್ ತ್ಸಾಂಗ್ ಬರೆದ ನಾಲ್ಕು ಅಕ್ಷರಗಳನ್ನು ಈಗಿನ ಬೀಜಿಂಗ್ ಮಾತಿನಲ್ಲಿ ಓದಿದರೆ ‘ಪು-ಲುವೊ-ಚಿ-ಷ’. ಕೇಳಿದರೆ ನಮ್ಮ ದೊರೆ ಎಂದು ಅನ್ನಿಸುವುದೇ ಇಲ್ಲ. ಆದರೆ ಹಳೆಯ ಪ್ರಾಸನಿಘಂಟುಗಳ ಆಧಾರದಿಂದ ಭಾಷಾವಿಜ್ಞಾನಿಗಳು ಕಟ್ಟಿರುವ ಅವನ ಕಾಲದ, ಅಂದರೆ ತಾಂಗ್ ವಂಶದ ಕಾಲದ, ಉಚ್ಚಾರ ಹೆಚ್ಚುಕಡಿಮೆ ‘ಪು-ಲ-ಕೇ-ಶ್ಯ’. ಯಾತ್ರಿಕನ ಕಿವಿ ಚುರುಕಾಗಿಯೇ ಇತ್ತು!

ಸದ್ದನ್ನು ಬಿಡಿಸಿ ನೋಡುವ ವಿದ್ಯೆಯಲ್ಲಿ ಚೀನೀ ಪಂಡಿತರಿಗೆ ಭಾರತದ ನೆರವು ಸಿಕ್ಕಿದ್ದೂ ಉಂಟು. ಬೌದ್ಧ ಗ್ರಂಥಗಳ ಜೊತೆ ಸಂಸ್ಕೃತದ ವರ್ಣಮಾಲೆ ಅಲ್ಲಿಗೆ ಹೋಯಿತು. ತಾಂಗ್ ಮತ್ತು ಸೊಂಗ್ ಕಾಲದ ಉಚ್ಚಾರ ಕೋಷ್ಟಕಗಳು ವ್ಯಂಜನಗಳನ್ನು ತುಟಿ, ನಾಲಗೆ, ಹಲ್ಲು, ಗಂಟಲು ಎಂದು ಸ್ಥಾನ ನೋಡಿ ಗುಂಪು ಮಾಡುತ್ತವೆ. ಕವರ್ಗ, ಪವರ್ಗ ಬಾಯಿಪಾಠ ಮಾಡಿದವರಿಗೆ ಆ ಕೋಷ್ಟಕ ಅಪರಿಚಿತ ಅನ್ನಿಸದು.

ಅಕ್ಷರದ ರೂಪಗಳ ಇತಿಹಾಸವನ್ನು ಬೇಗ ಹೇಳಿಬಿಡಬಹುದು. ಎಲುಬಿನ ನಂತರ ಕಂಚಿನ ಪಾತ್ರೆ, ಆಮೇಲೆ ಬಿದಿರಿನ ಪಟ್ಟಿ. ರಾಜ್ಯಗಳು ಹೆಚ್ಚಿದಂತೆ ಬರೆಯುವ ರೀತಿಯೂ ಹೆಚ್ಚಿತು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಛಿನ್ ಚಕ್ರವರ್ತಿ ತೂಕ, ಅಳತೆಗಳ ಜೊತೆಗೆ ಬರಹವನ್ನೂ ಒಂದು ಮಾಡಿಸಿದ. ಮಂತ್ರಿ ಲಿ ಸಿ ನೋಡಿಕೊಂಡ ಆ ದುಂಡನೆಯ ರೂಪ ಇಂದಿಗೂ ಮುದ್ರೆಗಳಲ್ಲಿ ಕಾಣುತ್ತದೆ. ಆದರೆ ದಿನವಿಡೀ ಬರೆಯುವ ಗುಮಾಸ್ತರಿಗೆ ದುಂಡುಗೆರೆ ಎಲ್ಲಿ ಪುರುಸೊತ್ತು? ಅವರು ಬಾಗುಗಳನ್ನು ನೇರಗೆರೆ ಮಾಡಿ ಚಿತ್ರಗಳ ಕೊನೆಯ ಕುರುಹನ್ನೂ ಅಳಿಸಿದರು. ಹಾನ್ ವಂಶದ ಕೊನೆಗೆ ಹುಟ್ಟಿ ತಾಂಗ್ ಕಾಲಕ್ಕೆ ಪಕ್ವವಾದ ‘ಖಾಯ್ ಷು’ ಎಂಬ ರೂಪವೇ ಇವತ್ತು ಶಾಲೆಯಲ್ಲಿ ಕಲಿಸುವುದು. ಚಿತ್ರಲಿಪಿಯನ್ನು ಕೊಂದವರು ಗುಮಾಸ್ತರು ಎಂದರೆ ದೊಡ್ಡ ತಪ್ಪೇನಲ್ಲ.

ಕ್ರಿ.ಶ. 100ರ ಹೊತ್ತಿಗೆ ಷು ಷೆನ್ ಎಂಬ ಪಂಡಿತ 9,353 ಅಕ್ಷರಗಳನ್ನು ಒಡೆದು ನೋಡಿ, 540 ಶೀರ್ಷಿಕೆಗಳ ಕೆಳಗೆ ಜೋಡಿಸಿ ನಿಘಂಟು ಬರೆದ. ಅರ್ಥದ ಸುಳಿವು ಕೊಡುವ ತುಂಡಿನ ಪ್ರಕಾರ ಅಕ್ಷರ ಹುಡುಕುವ ಕ್ರಮ ಅವನಿಂದ ಬಂದದ್ದು. 1716ರ ಖಾಂಗ್ಷಿ ನಿಘಂಟು 47,035 ಅಕ್ಷರಗಳನ್ನು 214 ಶೀರ್ಷಿಕೆಗಳ ಅಡಿಯಲ್ಲಿ ಕೊಟ್ಟಿದೆ.

ಈ ನಲವತ್ತೇಳು ಸಾವಿರದ ಅಂಕಿ ಕೇಳಿ ಹೆದರಬೇಕಾದ್ದಿಲ್ಲ. ಅದರಲ್ಲಿ ಬಹುಪಾಲು ಸತ್ತ ಅಕ್ಷರಗಳು, ಒಂದೇ ಅಕ್ಷರದ ಬೇರೆ ರೂಪಗಳು. ಚೀನಾ ಸರಕಾರ 2013ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಊರು-ಜನರ ಹೆಸರುಗಳಿಗೆ ಬೇಕಾದವೂ ಸೇರಿ, ಇರುವುದು 8,105. 1988ರಲ್ಲಿ ನಿಗದಿ ಮಾಡಿದ 2,500 ಸಾಮಾನ್ಯ ಅಕ್ಷರಗಳು ಗೊತ್ತಿದ್ದರೆ ಅಚ್ಚಾದ ಬರಹದಲ್ಲಿ ಕಣ್ಣಿಗೆ ಬೀಳುವ ಅಕ್ಷರಗಳ ಪೈಕಿ ಸುಮಾರು ನೂರಕ್ಕೆ 98 ಪರಿಚಿತವಾಗಿರುತ್ತವೆ. ಅಲ್ಲಿನ ಮಕ್ಕಳು ಆರನೆಯ ತರಗತಿ ಮುಗಿಸುವಾಗ ಸುಮಾರು 3,000 ಅಕ್ಷರ ಗುರುತಿಸಬೇಕು, 2,500 ಬರೆಯಬೇಕು. ಹಿಂದಿನ ಕಾಲದ ಮಕ್ಕಳು ಆರನೆಯ ಶತಮಾನದಲ್ಲಿ ಚೌ ಶಿಂಗ್‌ಸಿ ರಚಿಸಿದ ಸಾವಿರ ಅಕ್ಷರಗಳ ಪದ್ಯವನ್ನು ಬಾಯಿಪಾಠ ಮಾಡುತ್ತಿದ್ದರು, ನಮ್ಮಲ್ಲಿ ಅಮರಕೋಶ ಉರು ಹೊಡೆಸುತ್ತಿದ್ದ ಹಾಗೆ. ಸಾವಿರದಲ್ಲಿ ಒಂದು ಅಕ್ಷರವೂ ಎರಡನೆಯ ಸಲ ಬರುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಈಗ ಹೊಸದಾಗಿ ಕಲಿಯುವವರ ಮುಂದಿರುವ ಮೊದಲ ಆಯ್ಕೆ: ಸರಳ ರೂಪವೋ, ಸಾಂಪ್ರದಾಯಿಕ ರೂಪವೋ? 1956ರಿಂದ ಚೀನಾ ಅಕ್ಷರಗಳ ಗೆರೆ ಕಡಿಮೆ ಮಾಡತೊಡಗಿತು, 1964ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸರಳ ರೂಪಗಳ ಪಟ್ಟಿ ಬಂತು. ಹತ್ತು ಗೆರೆಯ ಕುದುರೆ ಮೂರು ಗೆರೆಗೆ ಇಳಿಯಿತು, ಹದಿನಾರರ ಡ್ರ್ಯಾಗನ್ ಐದಕ್ಕೆ. ಇವೆಲ್ಲ ಸರಕಾರ ಕೂತು ಹೊಸೆದದ್ದಲ್ಲ, ಜನ ಅವಸರದಲ್ಲಿ ಬರೆಯುತ್ತಿದ್ದ ರೂಪಗಳಿಗೇ ಎಷ್ಟೋ ಕಡೆ ಮುದ್ರೆ ಒತ್ತಲಾಯಿತು. 1977ರಲ್ಲಿ ಎರಡನೆಯ ಸುತ್ತಿನ ಕತ್ತರಿ ಹಿಡಿದಾಗ ಮಾತ್ರ ಅದು ಅತಿಯಾಯಿತು, 1986ರಲ್ಲಿ ಆ ಪಟ್ಟಿಯನ್ನೇ ಹಿಂದೆಗೆದುಕೊಂಡರು. ತೈವಾನ್, ಹಾಂಗ್‌ಕಾಂಗ್, ಮಕಾವ್ ಹಳೆಯ ರೂಪವನ್ನೇ ಉಳಿಸಿಕೊಂಡಿವೆ. ‘ಪ್ರೀತಿ’ಯ ಅಕ್ಷರದೊಳಗಿದ್ದ ಹೃದಯವನ್ನು ಕಿತ್ತುಹಾಕಿದರು ಎಂದು ಅಲ್ಲಿನವರು ಚುಚ್ಚುವುದುಂಟು. ಇದಕ್ಕಿಂತ ನಿಜವಾದ ತೊಂದರೆ ಬೇರೆ ಇದೆ: ಸರಳ ಮಾಡುವಾಗ ಕೆಲವು ಜೋಡಿಗಳನ್ನು ಒಂದೇ ಮಾಡಿಬಿಟ್ಟರು. ಮುಖಕ್ಕೂ ಹಿಟ್ಟಿನ ನೂಡಲ್ಸಿಗೂ ಈಗ ಒಂದೇ ಅಕ್ಷರ.

ಸಾಕ್ಷರತೆ ಹೆಚ್ಚಿದ್ದು ಈ ಸರಳೀಕರಣದಿಂದ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಗೆರೆ ಕಡಿಮೆ ಮಾಡದ ತೈವಾನ್, ಹಾಂಗ್‌ಕಾಂಗ್‌ಗಳಲ್ಲೂ ಓದುಬರಹ ಎಲ್ಲರಿಗೂ ಬಂದಿದೆ. ಕೆಲಸ ಮಾಡಿದ್ದು ಶಾಲೆ. ಆದ್ದರಿಂದ ಯಾವುದು ಶ್ರೇಷ್ಠ ಎಂಬ ಜಗಳಕ್ಕೆ ಬೀಳದೆ, ಚೀನಾ, ಸಿಂಗಪುರಗಳ ಜೊತೆ ವ್ಯವಹಾರವಿದ್ದರೆ ಸರಳ ರೂಪ ಕಲಿಯಿರಿ, ತೈವಾನಿಗೆ ಹೋಗುವವರು ಸಾಂಪ್ರದಾಯಿಕ ಕಲಿಯಿರಿ. ಒಂದು ಚೆನ್ನಾಗಿ ಬಂದವರಿಗೆ ಇನ್ನೊಂದನ್ನು ಓದುವುದು ನಿಧಾನಕ್ಕೆ ರೂಢಿಯಾಗುತ್ತದೆ.

ಅಕ್ಷರಕ್ಕಿಂತ ಮೊದಲು ಸದ್ದು ಕಲಿಯಬೇಕು. 1958ರಲ್ಲಿ ಚೀನಾ ಒಪ್ಪಿಕೊಂಡ ‘ಪಿನ್‌ಯಿನ್’ ಎಂಬ ರೋಮನ್ ಬರವಣಿಗೆ ಇರುವುದು ಇದಕ್ಕಾಗಿ. ಅದನ್ನು ರೂಪಿಸಿದ ತಂಡದಲ್ಲಿ ಪ್ರಮುಖರಾಗಿದ್ದ ಚೌ ಯೌಕುವಾಂಗ್ ಅವರು 111 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ಪಿನ್‌ಯಿನ್ ಅನ್ನು ಇಂಗ್ಲಿಷಿನಂತೆ ಓದುವುದು ಹೊಸಬರ ದೊಡ್ಡ ಅಭ್ಯಾಸದೋಷ. ಅದರ ‘ಬಿ’ ಅಕ್ಷರ ನಮ್ಮ ಪ, ‘ಪಿ’ ಅಕ್ಷರ ನಮ್ಮ ಮಹಾಪ್ರಾಣ ಫ. ‘ಜಿ’ ಎಂದರೆ ಕ, ‘ಕೆ’ ಎಂದರೆ ಖ. ಅಲ್ಪಪ್ರಾಣ-ಮಹಾಪ್ರಾಣ ಭೇದ ಇಂಗ್ಲಿಷ್ ಮಾತಾಡುವವರಿಗೆ ತಿಂಗಳುಗಟ್ಟಲೆ ಕಾಡುತ್ತದೆ. ಕನ್ನಡಿಗರಿಗೆ ಅದು ಒಂದನೆಯ ತರಗತಿಯಲ್ಲೇ ಸಿಕ್ಕಿರುವ ಆಸ್ತಿ, ದಿನದ ಮಾತಿನಲ್ಲಿ ನಾವು ಖರ್ಚು ಮಾಡದಿದ್ದರೂ. ಟೋನ್ ಮಾತ್ರ ನಮಗೂ ಹೊಸದು. ‘ಮಾ’ ಎಂಬುದನ್ನು ಮೇಲುದನಿಯಲ್ಲಿ ಸಮವಾಗಿ ಹೇಳಿದರೆ ತಾಯಿ, ತಗ್ಗಿಸಿ ಎತ್ತಿದರೆ ಕುದುರೆ, ಜೋರಾಗಿ ಇಳಿಸಿದರೆ ಬೈಗುಳ. ಇದಕ್ಕೆ ಕಿವಿ ಪಳಗಿಸದೆ ಅಕ್ಷರಕ್ಕೆ ಕೈ ಹಾಕಿದರೆ ಸದ್ದಿನ ತುಂಡುಗಳು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

ಬರೆಯುವಾಗ ಗೆರೆಗಳಿಗೆ ಕ್ರಮವಿದೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು, ನಿಲುಗೆರೆ ಆಮೇಲೆ. ಚೌಕಟ್ಟಿನೊಳಗೆ ಏನಾದರೂ ಇದ್ದರೆ ಒಳಗಿನದನ್ನು ಮುಗಿಸಿ ಕಡೆಗೆ ಕೆಳಗಿನ ಗೆರೆ ಎಳೆದು ಮುಚ್ಚಬೇಕು. ಇದು ಬರೀ ಶಿಸ್ತಲ್ಲ. ಕೈಬರಹ ವೇಗವಾದಾಗ ಗೆರೆಗಳು ಈ ಕ್ರಮದಲ್ಲೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕ್ರಮ ತಿಳಿಯದವರು ಬೇರೆಯವರ ಕೈಬರಹ ಓದಲಾರರು. ಮಕ್ಕಳು ಬಳಸುವ ಪುಸ್ತಕದಲ್ಲಿ ಪ್ರತಿ ಚೌಕವನ್ನೂ ನಾಲ್ಕು ಪಾಲು ಮಾಡುವ ಚುಕ್ಕೆಗೆರೆ ಇರುತ್ತದೆ, ದೊಡ್ಡವರಿಗೂ ಅದೇ ಒಳ್ಳೆಯದು. ಅಳತೆ ತಪ್ಪಿದರೆ ಅಕ್ಷರವೇ ಬದಲಾಗುವುದುಂಟು: ಎರಡು ಅಡ್ಡಗೆರೆಗಳಲ್ಲಿ ಕೆಳಗಿನದು ಉದ್ದವಾದರೆ ಮಣ್ಣು, ಮೇಲಿನದು ಉದ್ದವಾದರೆ ವಿದ್ವಾಂಸ!

ಆಮೇಲೆ ತುಂಡುಗಳನ್ನು ಕಲಿಯಿರಿ. ನೀರು, ಕೈ, ಬಾಯಿ, ಮಾತು, ಹೃದಯ, ಮರ, ಲೋಹ, ಹುಳು, ಹುಲ್ಲು, ಹೀಗೆ ಮೇಲಿಂದ ಮೇಲೆ ಬರುವ ಅರ್ಥದ ತುಂಡುಗಳು ನೂರರ ಆಸುಪಾಸು. ಹೊಸ ಅಕ್ಷರ ಬಂದಾಗ ‘ಇದರಲ್ಲಿ ವಿಷಯ ಹೇಳುವುದು ಯಾವುದು, ಸದ್ದು ಹೇಳುವುದು ಯಾವುದು’ ಎಂದು ಕೇಳುವ ರೂಢಿ ಬಂದರೆ ಹದಿನೈದು ಗೆರೆಯ ಅಕ್ಷರವೂ ಎರಡೇ ತುಂಡು. ನೆನಪಿಗೆ ಭಾರವಾಗುವುದು ಗೆರೆಗಳ ಸಂಖ್ಯೆಯಲ್ಲ, ಪರಿಚಯವಿಲ್ಲದ ತುಂಡುಗಳ ಸಂಖ್ಯೆ.

ಒಂಟಿ ಅಕ್ಷರಗಳ ಪಟ್ಟಿಯನ್ನು ಉರು ಹೊಡೆಯಬೇಡಿ. ಇಂದಿನ ಚೀನೀಯಲ್ಲಿ ಹೆಚ್ಚಿನ ಪದಗಳು ಎರಡು ಅಕ್ಷರದವು. ‘ವಿದ್ಯುತ್’ ಅಕ್ಷರದ ಜೊತೆ ‘ಮಾತು’ ಸೇರಿದರೆ ಫೋನು, ‘ನೆರಳು’ ಸೇರಿದರೆ ಸಿನಿಮಾ, ‘ಮಿದುಳು’ ಸೇರಿದರೆ ಕಂಪ್ಯೂಟರ್. ಇಷ್ಟು ತಿಳಿಯಾದವು ಎಲ್ಲವೂ ಅಲ್ಲ: ‘ಪೂರ್ವ’ ಮತ್ತು ‘ಪಶ್ಚಿಮ’ ಜೊತೆಯಾದರೆ ‘ವಸ್ತು’ ಎಂಬರ್ಥವೂ ಬರುತ್ತದೆ. ಒಂದೇ ಅಕ್ಷರಕ್ಕೆ ಎರಡು ಸದ್ದು ಇರುವುದೂ ಉಂಟು. ‘ನಡೆ’ ಎಂಬರ್ಥದಲ್ಲಿ ‘ಶಿಂಗ್’ ಆಗುವ ಅಕ್ಷರ ಬ್ಯಾಂಕಿನ ಬಾಗಿಲ ಮೇಲೆ ‘ಹಾಂಗ್’. ಅಕ್ಷರ ಮಾತ್ರ ಕಲಿತವನಿಗೆ ಇವು ಬಲೆ, ಪದ ಕಲಿತವನಿಗೆ ತೊಂದರೆಯೇ ಇಲ್ಲ. ಜೊತೆಗೆ ಚೀನೀಯಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಸಾಲಿನಲ್ಲಿ ಪದ ಎಲ್ಲಿ ಮುಗಿಯಿತೆಂದು ಓದುಗನೇ ಕಂಡುಕೊಳ್ಳಬೇಕು. ಅದು ಬರುವುದು ಓದಿ ಓದಿ ಮಾತ್ರ. ಆದ್ದರಿಂದ ಮುನ್ನೂರು ಅಕ್ಷರ ದಾಟಿದ ಕೂಡಲೇ, ಆ ಮಟ್ಟಕ್ಕೆಂದೇ ಬರೆದ ಚಿಕ್ಕ ಕಥೆಗಳನ್ನು ಓದಲು ಶುರು ಮಾಡಿ.

ಎಲ್ಲವನ್ನೂ ಕೈಯಲ್ಲಿ ಬರೆಯಲು ಬರಬೇಕೇ? ಇಂದು ಚೀನೀಯರು ಫೋನಿನಲ್ಲಿ ಪಿನ್‌ಯಿನ್ ಒತ್ತುತ್ತಾರೆ, ಆ ಸದ್ದಿನ ಅಕ್ಷರಗಳ ಸಾಲು ಮೇಲೆ ಮೂಡುತ್ತದೆ, ಬೇಕಾದ್ದನ್ನು ಆರಿಸುತ್ತಾರೆ. ಹೀಗಾಗಿ ಓದಬಲ್ಲ ಅಕ್ಷರವನ್ನು ಪೆನ್ನು ಹಿಡಿದಾಗ ಮರೆಯುವುದು ಅಲ್ಲಿನವರದೇ ದೊಡ್ಡ ದೂರು. 2013ರಲ್ಲಿ ಸರಕಾರಿ ಟಿವಿ ಶಾಲಾ ಮಕ್ಕಳಿಗೆ ಉಕ್ತಲೇಖನದ ಸ್ಪರ್ಧೆ ನಡೆಸಿದಾಗ ಅದನ್ನು ಜನ ಮುಗಿಬಿದ್ದು ನೋಡಿದ್ದಕ್ಕೆ ಈ ಅಳುಕೂ ಕಾರಣ. ವಿದೇಶೀಯರಿಗಾಗಿ 2021ರಲ್ಲಿ ಚೀನಾ ಹೊರತಂದ ಮಾನದಂಡವೇ ಓದಲು 3,000 ಅಕ್ಷರ ಕೇಳಿ, ಕೈಯಲ್ಲಿ ಬರೆಯಲು 1,200 ಸಾಕು ಎನ್ನುತ್ತದೆ. ನನ್ನ ಸಲಹೆ ಇನ್ನೂ ಸಡಿಲ: ಮೊದಲ ಐದುನೂರನ್ನು ಕೈಯಲ್ಲಿ ಬರೆದೇ ಕಲಿಯಿರಿ. ಅಷ್ಟರಲ್ಲಿ ಗೆರೆಗಳ ಕ್ರಮವೂ ಮುಖ್ಯ ತುಂಡುಗಳೂ ಕೈಗೆ ಹತ್ತಿರುತ್ತವೆ. ಮುಂದಿನವನ್ನು ಗುರುತಿಸಿ ಟೈಪ್ ಮಾಡಲು ಬಂದರೆ ಸಾಲದೇ?

ಇನ್ನು ವೇಗದ ಮಾತು. ದಿನಕ್ಕೆ ಹತ್ತು ಅಕ್ಷರದಂತೆ ಮುನ್ನೂರು ದಿನಕ್ಕೆ ಮೂರು ಸಾವಿರ ಎಂಬುದು ಕಾಗದದ ಲೆಕ್ಕ. ಕಲಿತದ್ದು ಮರೆಯುತ್ತದೆ, ಮರೆತದ್ದನ್ನು ಮತ್ತೆ ಕಲಿಯಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸುವ ‘ಆಂಕಿ’ಯಂಥ ಆ್ಯಪ್, ಬೆರಳಲ್ಲಿ ಬರೆದು ಅಕ್ಷರ ಹುಡುಕಬಹುದಾದ ‘ಪ್ಲೆಕೊ’ ನಿಘಂಟು, ಎರಡೂ ಫೋನಿನಲ್ಲಿರಲಿ. ಮನೆಗೆಲಸ, ನೌಕರಿಗಳ ನಡುವೆ ಕಲಿಯುವವರು ದಿನಕ್ಕೆ ಐದಕ್ಕಿಂತ ಹೆಚ್ಚು ಹೊಸ ಅಕ್ಷರ ಇಟ್ಟುಕೊಳ್ಳದಿರುವುದೇ ಕ್ಷೇಮ. ಆ ಐದನ್ನೂ ಒಂದೊಂದು ಪದದೊಳಗೆ, ಆ ಪದವನ್ನು ಒಂದೊಂದು ವಾಕ್ಯದೊಳಗೆ ಇಟ್ಟು, ಬಾಯಿಬಿಟ್ಟು ಓದಿ.